ಅಂಗೈಯುದ್ದದ ಚಿಪ್ಪು

ದೋಣಿ ದಡ ಮುಟ್ಟುವ ಮೊದಲೇ ನೆಲದೊಲೆಯ ಹೊಗೆ ಉನೈಸಿಯ ಮೂಗಿಗೆ ಬಡಿಯಿತು. ಹಂದಿ ಬೇಯುತ್ತಿತ್ತು, ಕೆಸುವಿನ ಗೆಡ್ಡೆ ಬೇಯುತ್ತಿತ್ತು, ವುನಿಬೋಲಾ ಊರಿಗೆ ಊರೇ ದಡದಲ್ಲಿ ನೆರೆದಿತ್ತು. ಊರಿನ ಒಡೆಯ ರಾತು ಎಪರಾಮ ಸತ್ತು ಅಂದಿಗೆ ವರ್ಷ ತುಂಬಿತ್ತು. ಅವನ ಹೆಸರಿನಲ್ಲಿ ಮುಚ್ಚಿದ್ದ ಕಡಲನ್ನು ಬೆಳಿಗ್ಗೆಯಷ್ಟೇ ತೆರೆದಿದ್ದರು. ನಮ್ಮ ಕಡೆ ಒಡೆಯ ಸತ್ತರೆ ಮನುಷ್ಯರಿಗೆ ಮಾತ್ರವಲ್ಲ, ಹವಳದ ಬಂಡೆಗೂ ಸೂತಕ. ತೆಂಗಿನ ಗರಿ ಸುತ್ತಿದ ಕಂಬ ನೀರಿನಲ್ಲಿ ನಿಂತಿತೆಂದರೆ ಮುಗಿಯಿತು, ಅದರಾಚೆ ಬಲೆ ಬೀಸುವಂತಿಲ್ಲ, ಒಂದು ಏಡಿಯ ಕಾಲನ್ನೂ ಮುರಿಯುವಂತಿಲ್ಲ. ವರ್ಷ ಕಳೆದ ಮೇಲೆ ಕಂಬ ಕಿತ್ತು, ಸಿಕ್ಕಿದ್ದನ್ನೆಲ್ಲ ಒಂದೇ ದಿನ ಬಾಚಿ ತಂದು, ಸತ್ತವನ ಹೆಸರು ಹೇಳಿ ಊರೆಲ್ಲ ಕೂತು ಉಣ್ಣುವುದು.

ಉನೈಸಿ ದೊಡ್ಡ ದ್ವೀಪದ ಹಾಸ್ಟೆಲಿನಲ್ಲಿದ್ದುಕೊಂಡು ಶಾಲೆಯ ಕೊನೆಯ ವರ್ಷ ಓದುತ್ತಿದ್ದಳು. ತಾಯಿಯಿಲ್ಲದ ಹುಡುಗಿ. ಬೆಳೆಸಿದ್ದು ತಾಯಿಯ ತವರಿನವರು, ಅಂದರೆ ಅಜ್ಜಿ ಬುಬು ಮತ್ತು ಸೋದರಮಾವ ಸೆಮೆಸಾ. ಮಾವನನ್ನು ಎಲ್ಲರ ಹಾಗೆ ಅವಳೂ ಮೋಮೋ ಎಂದೇ ಕರೆಯುತ್ತಿದ್ದಳು. ಆ ಮೋಮೋ ಸೊಂಟದವರೆಗೆ ಒದ್ದೆಯಾಗಿ, ಹಲ್ಲು ಕಿರಿದುಕೊಂಡು ಎದುರಿಗೆ ಓಡಿಬಂದ.

"ಯಾಕೇ ಇಷ್ಟು ತಡ? ಇವತ್ತು ನೀನೇ ಕಣೇ ಊರಿನ ಮದುಮಗಳು! ಬಾ, ನಿನಗೋಸ್ಕರ ಚಾಪೆ ಖಾಲಿ ಇಟ್ಟಿದಾರೆ."

"ನನಗಾ? ನಾನೇನು ಮಾಡಿದೆ ಮೋಮೋ?"

"ಅಯ್ಯೋ, ಏನೂ ಗೊತ್ತಿಲ್ಲದೋಳ ಹಾಗೆ ಆಡ್ತಾಳೆ ನೋಡ್ರೋ!"

ಹಿರಿಯರ ಚಾಪೆಯ ಮುಂದೆ ಬಾಳೆಲೆ ಹಾಸಿತ್ತು. ಎಲೆಯ ಮೇಲೆ ಅಲೆಯಂಚಿನ ದಪ್ಪ ಕಪ್ಪೆಚಿಪ್ಪುಗಳು ಬಾಯಿ ತೆರೆದು ಬಿದ್ದಿದ್ದವು. ಹೆಂಗಸರು ಒಳಗಿನ ಮಾಂಸ ಕೊಯ್ದು, ನಿಂಬೆ ಹಿಂಡಿ, ತೆಂಗಿನ ಹಾಲು ಸುರಿಯುತ್ತಿದ್ದರು. ಪ್ರತಿಯೊಂದು ಚಿಪ್ಪಿನ ಬೆನ್ನಿನ ಮೇಲೂ ಅಂಟು ಹಾಕಿ ಕೂರಿಸಿದ ನೀಲಿ ಪ್ಲಾಸ್ಟಿಕ್ಕಿನ ಚೂರಿತ್ತು. ಅದರ ಪಕ್ಕದಲ್ಲೇ ಉಳಿಯಿಂದ ಗೀರಿದ ಅಂಕಿ. ಅದು ಉನೈಸಿಯದೇ ಕೈಬರಹ.

ಅವಳು ಒಂದೊಂದಾಗಿ ಅಂಕಿ ಓದುತ್ತಾ ಹೋದಳು. ಅವಳು ನೀರಿನಲ್ಲಿ ಸಾಕಿದ್ದ ಸಾಲಿಗೆ ಸಾಲೇ ಅಲ್ಲಿತ್ತು, ಒಂದನ್ನೂ ಬಿಟ್ಟಿರಲಿಲ್ಲ.

ಆ ಸಾಲು ಎಂಥದ್ದೆಂದು ಹೇಳದಿದ್ದರೆ ಅವಳ ಸಂಕಟ ಯಾರಿಗೂ ತಿಳಿಯುವುದಿಲ್ಲ. ಬುಬುವಿನ ಕಾಲದಲ್ಲಿ ಮೊಣಕಾಲುದ್ದ ನೀರಿನಲ್ಲೇ ಸಿಗುತ್ತಿದ್ದ ಈ ಜಾತಿಯ ಚಿಪ್ಪು ಈಗ ಹವಳದ ಬಂಡೆಯ ಒಳಗಡೆ, ಅಂದರೆ ದಡದ ಕಡೆ, ಎಲ್ಲೂ ಇಲ್ಲ. ತಿಂದು ಮುಗಿಸಿದೆವು, ಅಷ್ಟೇ. ಉಳಿದಿದ್ದರೆ ಬಂಡೆಯ ಹೊರಮೈಯಲ್ಲಿ, ಕಣ್ಣು ಕತ್ತಲೆಗಟ್ಟುವ ಆಳದಲ್ಲಿ. ಸರ್ಕಾರದ ಸಾಕಣೆ ಕೇಂದ್ರದಿಂದ ಹೆಬ್ಬೆರಳ ಗಾತ್ರದ ಮರಿಗಳನ್ನು ತಂದು ಊರಿನ ನೀರಿನಲ್ಲಿಟ್ಟರೆ ಅವು ಬದುಕುತ್ತವೆಯೇ, ಎಷ್ಟು ಬೇಗ ಬೆಳೆಯುತ್ತವೆ? ಎರಡು ವರ್ಷದ ಹಿಂದೆ ಉನೈಸಿ ಹಿಡಿದ ಪ್ರಶ್ನೆ ಇದು. ಹಿಡಿಸಿದವರು ವಿಜ್ಞಾನದ ಗೌಂಡರ್ ಮಾಸ್ಟರು. ಅವರ ಮುತ್ತಜ್ಜ ಕಬ್ಬು ಕಡಿಯಲು ಹಡಗು ಹತ್ತಿ ಬಂದವನು, ಇವರು ಹುಡುಗರ ತಲೆ ತಿನ್ನಲು ಬಂದವರು ಎಂದು ಹಾಸ್ಟೆಲಿನಲ್ಲಿ ತಮಾಷೆ ಮಾಡುತ್ತಿದ್ದರು.

"ವಿಜ್ಞಾನಿ ಆಗ್ಬೇಕು ಅಂತೀಯಲ್ಲ, ಬಿಳಿ ಕೋಟು ಹಾಕ್ಕೊಂಡು ಫೋಟೋ ತೆಗಿಸ್ಕೊಳ್ಳೋದಲ್ಲಮ್ಮಾ ಅದು," ಎಂದಿದ್ದರು ಮಾಸ್ಟರು. "ಒಂದು ಪ್ರಶ್ನೆ ಹಿಡ್ಕೋ. ಅದನ್ನೇ ಅಳೆ, ಮತ್ತೆ ಅಳೆ, ಬೇಜಾರು ಬಂದ್ಮೇಲೂ ಅಳೆ. ಬದುಕಿದ್ದನ್ನೂ ಅಳೆ, ಸತ್ತಿದ್ದನ್ನೂ ಅಳೆ. ಸತ್ತಿದ್ದು ಕಂಡ್ರೆ ಮುಖ ತಿರುಗಿಸೋರು ಈ ಕೆಲಸಕ್ಕೆ ಬರಲೇಬಾರದು."

ಪ್ರತಿ ರಜೆಯಲ್ಲೂ ಅವಳು ಮಾಸ್ಟರು ಕೊಟ್ಟ ಅಳೆಯುವ ಕ್ಯಾಲಿಪರ್ ಹಿಡಿದು ನೀರಿಗಿಳಿದು, ಒಂದೊಂದರ ಅಳತೆಯನ್ನೂ ಬರೆದಿಡುತ್ತಿದ್ದಳು. ಉಳಿದ ಹುಡುಗಿಯರು ವಾಲಿಬಾಲ್ ಆಡುವಾಗ ಇವಳ ಬೆನ್ನು ಬಿಸಿಲಿಗೆ ಸುಲಿಯುತ್ತಿತ್ತು. ರಾಜಧಾನಿ ಸುವಾದ ಸಮುದ್ರ ಸಂಶೋಧನಾ ಕೇಂದ್ರದವರು ವರ್ಷಕ್ಕೆ ಒಬ್ಬರನ್ನು ಶಾಲೆಯಿಂದ ನೇರವಾಗಿ ಆರಿಸಿ, ಓದಿನ ಖರ್ಚೆಲ್ಲ ತಾವೇ ಹೊತ್ತು ಕೆಲಸ ಕಲಿಸುತ್ತಾರೆ. ಮಾಸ್ಟರ ಕಾಗದ ನೋಡಿ ಅಲ್ಲಿನ ಡಾಕ್ಟರ್ ಮಿಲಿಕಾ, ನವೆಂಬರಿನಲ್ಲಿ ತಾನೇ ಊರಿಗೆ ಬಂದು ಚಿಪ್ಪು ನೋಡುತ್ತೇನೆ, ಕೆಲಸ ಹಿಡಿಸಿದರೆ ಹುಡುಗಿಯನ್ನು ಕರೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಉನೈಸಿಗೆ ಇದ್ದದ್ದು ಅದೊಂದೇ ದಾರಿ. ಅದು ತಪ್ಪಿದರೆ ಚಾಪೆ ಹೆಣೆಯುವುದು, ಇಲ್ಲವೇ ಹೋಟೆಲಿನಲ್ಲಿ ಹಾಸಿಗೆ ಒದರುವುದು.

ಸಾಲು ಇಟ್ಟ ಹೊಸದರಲ್ಲಿ ಯಾರಾದರೂ ಕಿತ್ತು ತಿಂದಾರೆಂದು ಅವಳು ಗೋಳಾಡಿದಾಗ ಸೆಮೆಸಾ ನಕ್ಕಿದ್ದ. "ಅಷ್ಟಕ್ಕೆಲ್ಲಾ ಯಾಕೆ ಅಳ್ತೀಯಾ? ಒಂದು ಗರಿ ಕಟ್ಟಿ ಕಂಬ ನೆಡ್ತೀನಿ. ಆಗ ಯಾವನು ಮುಟ್ತಾನೋ ನೋಡೇಬಿಡೋಣ." ಅವರದು ಒಡೆಯನಿಗೆ ಮೀನು ಹಿಡಿದುಕೊಡುವ ಮನೆತನ. ಕಂಬ ನೆಡುವ ಹಕ್ಕೂ ಅವನದೇ, ಕೀಳುವ ಹಕ್ಕೂ ಅವನದೇ. ಯಾರೂ ಮುಟ್ಟಲಿಲ್ಲ. ಆಮೇಲೆ ರಾತು ಸತ್ತು ಕಡಲನ್ನೆಲ್ಲ ಮುಚ್ಚಿದಾಗ, ದೇವರೇ ಒಳ್ಳೆಯದಾಯಿತು ಎಂದು ಉನೈಸಿ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಒಬ್ಬ ಮುದುಕನ ಸಾವಿಗೆ ಸಂತೋಷಪಟ್ಟೆನಲ್ಲಾ ಎಂದು ನಾಚಿಕೆಯೂ ಆಗಿತ್ತು. ಈಗ ಕಡಲು ತೆರೆಯುವ ದಿನ ಹಿರಿಯರು ಕಂಬಗಳನ್ನೆಲ್ಲ ಕೀಳು ಎಂದರು. ಸೆಮೆಸಾ ಕಿತ್ತ. ಗರಿ ಕಟ್ಟಿ ಕಾಪಾಡಿದ್ದೆಲ್ಲ ಗರಿ ಬಿಚ್ಚಿದ ದಿನ ಎಲೆಗೆ ಬರಬೇಕು. ಅದರಲ್ಲಿ ಯಾರಿಗೂ ಸಂಶಯವೇ ಇರಲಿಲ್ಲ.

ಒಡೆಯನ ಪರವಾಗಿ ಊರಿನೆದುರು ಮಾತಾಡುವ ಮಾತುಗಾರ ಮುದುಕ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡ. "ಎರಡು ವರ್ಷ! ನಮ್ಮ ಸೆಮೆಸಾನ ತಂಗಿ ಮಗಳು ಎರಡು ವರ್ಷ ಬಿಸಿಲು ಉಂಡು ಸಾಕಿದ್ದು ಇದು. ನಮ್ಮ ರಾತುವಿನ ಎಲೆಗೆ ಇಂಥದ್ದನ್ನ ಯಾವ ಊರಿನ ಹುಡುಗಿ ಕೊಟ್ಟಿದಾಳೆ, ಹೇಳಿ ನೋಡೋಣ?" ಸುತ್ತ ಕೂತವರೆಲ್ಲ ಬೊಗಸೆಗೈಯಲ್ಲಿ ಚಪ್ಪಾಳೆ ತಟ್ಟಿದರು. ಬುಬು ಕಣ್ಣೊರೆಸಿಕೊಳ್ಳುತ್ತಾ ಮೊದಲ ತುಂಡನ್ನು ತನ್ನ ಕೈಯಾರೆ ಮೊಮ್ಮಗಳ ಬಾಯಿಗಿಟ್ಟಳು.

ಊರೆಲ್ಲ ನೋಡುತ್ತಿತ್ತು. ಉಗಿಯುವಂತಿಲ್ಲ, ಎದ್ದು ಹೋಗುವಂತಿಲ್ಲ. ಉನೈಸಿ ಅಗಿದಳು. ನಿಂಬೆ ಹಿಡಿದು, ಉಪ್ಪು ಹಿಡಿದು ರುಚಿಯಾಗಿಯೇ ಇತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಉಂಡೆದ್ದ ಮೇಲೆ ಅಡುಗೆಗುಡಿಸಲಿನ ಹಿಂದೆ ಮಾವ ಒಬ್ಬನೇ ಸಿಕ್ಕಿದಾಗ ಅವಳ ಬಾಯಿ ಬಿಚ್ಚಿತು. ದಿನವೂ ನೀವು ಎನ್ನುತ್ತಿದ್ದವಳ ಬಾಯಲ್ಲಿ ಏಕವಚನ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

"ಏನ್ ಮಾಡ್ಬಿಟ್ಟೆ ಮೋಮೋ! ಯಾಕ್ ಕಿತ್ತೆ? ಯಾರು ಹೇಳಿದ್ರು ನಿನಗೆ?"

ಸೆಮೆಸಾನ ನಗು ಮುಖದಲ್ಲೇ ನಿಂತುಹೋಯಿತು. "ಎಲ್ಲಾ ಕಂಬ ಕೀಳು ಅಂದ್ರು ಕಣೇ. ನಿಂದೊಂದು ಬಿಟ್ಟು ಬಂದಿದ್ರೆ, ನೋಡು, ಸೆಮೆಸಾ ಒಡೆಯನ ಎಲೆಗೆ ಮೋಸ ಮಾಡಿ ತಂಗಿ ಮಗಳಿಗೆ ಬಚ್ಚಿಟ್ಟ ಅಂತಿರ್ಲಿಲ್ವಾ? ಮತ್ತೆ... ನಿನಗೆ ಖುಷಿಯಾಗತ್ತೆ ಅಂದ್ಕೊಂಡೆ ಪುಟ್ಟೀ. ಇಷ್ಟು ದೊಡ್ಡ ಮರ್ಯಾದೆ."

"ಮರ್ಯಾದೆನಾ? ನವೆಂಬರ್‌ಗೆ ಸುವಾದೋರು ಬರ್ತಾರೆ. ಏನು ತೋರಿಸ್ಲಿ? ಏನು, ಈ ಹೊಟ್ಟೆ ತೋರಿಸ್ಲಾ? ನನ್ನ ಬಾಳೆಲ್ಲಾ ನಿಂಬೆ ಹಿಂಡ್ಕೊಂಡು ತಿಂದ್ಬಿಟ್ರಲ್ಲಾ!"

ಅವನಿಗೆ ಆಗ ಅರ್ಥವಾಯಿತು. ದೊಡ್ಡ ಆಳು, ಕೈ ಎಲ್ಲಿಡಬೇಕೆಂದು ತಿಳಿಯದೆ ಸೊಂಟಕ್ಕೆ ಸುತ್ತಿದ್ದ ಒದ್ದೆ ಸುಲುವನ್ನು ಹಿಂಡುತ್ತಾ ನಿಂತ. ಮೆಲ್ಲಗೆ ಕೇಳಿದ, "ಆ ಡಾಕ್ಟರಮ್ಮ ಬರೋ ಹೊತ್ತಿಗೆ ಎಷ್ಟು ದೊಡ್ಡದಾಗಿರ್ತಿದ್ವು ಅವು?"

"ಇಷ್ಟು!" ಉನೈಸಿ ಅಂಗೈ ಬಿಡಿಸಿ ಅವನ ಮೂಗಿನ ಮುಂದೆ ಹಿಡಿದಳು. "ಇಷ್ಟುದ್ದ ಇರ್ತಿದ್ವು, ಮಣಿಕಟ್ಟಿಂದ ಬೆರಳ ತುದಿವರೆಗೆ. ಈಗ ಕೇಳಿ ಏನು ಪ್ರಯೋಜನ?"

ಸೆಮೆಸಾ ಅವಳ ಕೈ ಹಿಡಿದು ತನ್ನ ಕೈಗೆ ತಾಳೆ ಹಾಕಿ ನೋಡಿದ. ಅವಳ ಬೆರಳ ತುದಿ ಅವನ ನಡುಬೆರಳಿನ ಮೇಲಿನ ಗೆರೆಗೆ ಬಂತು. ಆ ಗೆರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿಕೊಂಡ. ಕೋಪದಲ್ಲಿದ್ದ ಹುಡುಗಿ ಅದನ್ನು ಕಂಡಳೇ ಹೊರತು ಗಮನಿಸಲಿಲ್ಲ.

ಸಂಜೆ ಬುಬು ಬಂದು ಕರೆದಳು. "ಏಳೇ, ನಿನ್ನ ಚಿಪ್ಪುಗಳನ್ನ ರಾತುವಿನ ಸಮಾಧಿ ಅಂಚಿಗೆ ಜೋಡಿಸಿದಾರೆ. ಎಷ್ಟು ಲಕ್ಷಣವಾಗಿದೆ ಅಂತೀಯಾ! ಬೇಲಿ ಹೊರಗಿಂದ ಒಂದು ಸಲ ನೋಡ್ಕೊಂಡಾದ್ರೂ ಬಾ."

"ಅದರಲ್ಲಿ ನೋಡೋದೇನಿದೆ ಬುಬು? ನನಗೆ ಅದರ ಮುಖ ನೋಡೋಕೆ ಇಷ್ಟವಿಲ್ಲ," ಎಂದು ಉನೈಸಿ ಗೋಡೆಯ ಕಡೆಗೆ ಹೊರಳಿದಳು. ಮರುದಿನ ಸಿಕ್ಕಿದ ದೋಣಿ ಹತ್ತಿ ಶಾಲೆಗೆ ಹೊರಟೇಬಿಟ್ಟಳು.

ಗೌಂಡರ್ ಮಾಸ್ಟರು ಕತೆ ಕೇಳಿ ತಲೆ ಮೇಲೆ ಕೈ ಹೊತ್ತು ಕೂತರು. "ಏನಾದ್ರೂ ಉಳೀತಾ?" ಎಂದು ಕೇಳಿದರು.

"ಏನೂ ಇಲ್ಲ ಸರ್. ತಿಂದು ಮುಗಿಸಿದ್ರು."

"ಏನೇನೂ?"

"ಏನೇನೂ ಇಲ್ಲ ಅಂದ್ನಲ್ಲಾ ಸರ್!"

ಅವಳ ದನಿ ಕೇಳಿ ಮಾಸ್ಟರು ಮುಂದೆ ಕೆದಕಲಿಲ್ಲ. "ಹಾಗಾದ್ರೆ ಡಾಕ್ಟರ್‌ಗೆ ನೀನೇ ಫೋನ್ ಮಾಡಿ ಆಗಿದ್ದನ್ನ ಆದ ಹಾಗೇ ಹೇಳು. ಅದೂ ಕೆಲಸದ ಒಂದು ಭಾಗಾನೇ," ಎಂದರು. ಹೂಂ ಎಂದಳು, ಮಾಡಲಿಲ್ಲ. ಇವತ್ತು ಬೇಡ ನಾಳೆ, ನಾಳೆ ಬೇಡ ಪರೀಕ್ಷೆ ಮುಗಿಯಲಿ. ಫೋನ್ ಮಾಡಿದ ಗಳಿಗೆಗೆ ಎಲ್ಲ ಮುಗಿಯುತ್ತದೆ, ಮಾಡದಿದ್ದರೆ ಇನ್ನೂ ಮುಗಿದಿಲ್ಲ ಎಂಬಂತೆ ದಿನ ನೂಕಿದಳು. ಓದುವ ಹುಡುಗಿಯರೂ ಹೀಗೆ ಪೆದ್ದುಪೆದ್ದಾಗಿ ಆಡುವುದುಂಟು.

ಪರೀಕ್ಷೆ ಮುಗಿಯುವ ವಾರದಲ್ಲಿ ಹಾಸ್ಟೆಲಿಗೆ ಬುಬುವಿನ ಫೋನ್ ಬಂತು. ಮುದುಕಿಗೆ ಸರಿಯಾಗಿ ಹೇಳಲೂ ಆಗಲಿಲ್ಲ. ಅತ್ತಳು, ಸೆಮೆಸಾ ಎಂದಳು, ಕಾಲು ಎಂದಳು, ಮತ್ತೆ ಅತ್ತಳು.

ಊರಿಗೆ ಬಂದ ಮೇಲೆ ಉಳಿದದ್ದು ತಿಳಿಯಿತು. ಕಡಲಸೌತೆ ಎಂಬ ಕಡಲತಳದ ಪ್ರಾಣಿಯನ್ನು ಕೊಳ್ಳುವ ವ್ಯಾಪಾರಿಗಳ ದೋಣಿ ಬಂಡೆಯ ಹೊರಗೆ ನಿಂತಿತ್ತಂತೆ. ಅವರ ಹತ್ತಿರ ಗಾಳಿ ಪಂಪು, ಉದ್ದನೆಯ ಕೊಳವೆ ಇರುತ್ತದೆ. ಕೊಳವೆ ಬಾಯಲ್ಲಿಟ್ಟುಕೊಂಡರೆ ಉಸಿರು ಕಟ್ಟುವ ಮಾತಿಲ್ಲ, ಎಷ್ಟು ಆಳಕ್ಕೆ ಬೇಕಾದರೂ ಇಳಿಯಬಹುದು. ಆ ಕೊಳವೆ ಎಷ್ಟು ಮನೆ ಹಾಳು ಮಾಡಿದೆ ಎಂದು ನಮ್ಮ ಕಡಲ ತೀರದಲ್ಲಿ ಕೇಳಿ ನೋಡಿ. ಸೆಮೆಸಾ ಹುಟ್ಟಿದಾರಭ್ಯ ಸ್ವಂತ ಉಸಿರಿನಲ್ಲಿ ಮುಳುಗಿದವನು, ಅದನ್ನು ಮುಟ್ಟಿದವನಲ್ಲ. ಆದರೆ ಸ್ವಂತ ಉಸಿರಿಗೆ ಎಟುಕುವ ಆಳದಲ್ಲಿ ಉನೈಸಿಯ ಸಾಲಿಗೆ ಬೇಕಾದ ಚಿಪ್ಪಿರಲಿಲ್ಲ. ವ್ಯಾಪಾರಿಗಳ ಕೈಕಾಲು ಹಿಡಿದು, ದಿನಾ ಅವರ ಕೆಲಸ ಮಾಡಿಕೊಟ್ಟು, ಕೊನೆಯ ಮುಳುಗು ತನಗೆಂದು ಮಾತಾಡಿಕೊಂಡ. ಒಂದೊಂದೇ ಚಿಪ್ಪನ್ನು ಬೆರಳಿಗೆ ತಾಳೆ ಹಾಕಿ, ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಬಿಟ್ಟು, ಅಳತೆಗೆ ಸರಿಯಾದದ್ದನ್ನು ಮಾತ್ರ ತಂದ. ಹುಡುಕಾಟ ಅಂದರೆ ಹೊತ್ತಾಗುತ್ತದೆ. ಕೊನೆಯ ದಿನ ಆಳದಲ್ಲಿರುವಾಗ ಪಂಪು ನಿಂತಿತು. ಚೀಲ ಬಿಡದೆ ಒಂದೇ ಏಟಿಗೆ ಮೇಲೆದ್ದು ಬಂದ. ಆಳದಿಂದ ಹಾಗೆ ಒಮ್ಮೆಗೇ ಎದ್ದರೆ ಒಳಗೆಳೆದ ಗಾಳಿ ರಕ್ತದಲ್ಲಿ ಗುಳ್ಳೆಗಟ್ಟಿ ನರವನ್ನೇ ಕೊಲ್ಲುತ್ತದೆ. ದೋಣಿಯಲ್ಲಿ ಕೂತು ಒಂದು ಬೀಡಿ ಸೇದಿ, ಮಾತಾಡುತ್ತಲೇ ಇದ್ದವನು ಎದ್ದು ನಿಲ್ಲಲು ಹೋದರೆ ಸೊಂಟದ ಕೆಳಗೆ ಏನೂ ಇರಲಿಲ್ಲ. ಸುವಾದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲ ಮೀರಿತ್ತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ.

ಬಾಗಿಲ ಪಕ್ಕ ದಿಂಬು ಒರಗಿಸಿ ಅವನನ್ನು ಕೂರಿಸಿದ್ದರು. ಹೆಂಡತಿ ಕೆಲೆರಾ ಅವನ ಕಾಲಿಗೆ ಎಣ್ಣೆ ತೀಡುತ್ತಿದ್ದಳು. ಉನೈಸಿ ಬಂದದ್ದು ಕಂಡು, "ಕೂತ್ಕೋ," ಎಂದಳು. ಸೆಮೆಸಾನ ಮುಖ ಮಾತ್ರ ಊರಗಲ.

"ಇಲ್ಲಿ ಕೂತ್ಕೊಂಡು ಅಳ್ಬೇಡ. ಮೊದಲು ಹೋಗಿ ನಿನ್ನ ಸಾಲು ನೋಡು. ಅಳೋದಿದ್ರೆ ಆಮೇಲೆ ಅಳುವಂತೆ."

"ಮೋಮೋ, ನೀವು..."

"ಹೋಗೇ ಅಂದ್ರೆ! ಮಾವನ ಮಾತು ಕೇಳಲ್ವಾ?"

ಅವಳು ಹೋದಳು. ನೀರಿನಲ್ಲಿ ಹೊಸ ಕಂಬ ನಿಂತಿತ್ತು, ಗರಿಯೂ ಹೊಸದು. ಕೆಳಗೆ ಸಾಲಾಗಿ ಚಿಪ್ಪುಗಳು ಬಾಯಿ ತೆರೆದು, ನೀಲಿ ಹಸಿರು ತುಟಿ ಬಿಚ್ಚಿ ಕೂತಿದ್ದವು. ಪ್ರತಿಯೊಂದರ ಬೆನ್ನಿಗೂ ಟಾರ್ಪಾಲಿನಿಂದ ಕತ್ತರಿಸಿದ ನೀಲಿ ಪಟ್ಟಿ. ಹೆಂಗಸರೆಲ್ಲ ಸೇರಿ ಅಂಟಿಸಿದ್ದಂತೆ. ಪುಣ್ಯಾತ್ಮರು ಅಂಕಿಯನ್ನೂ ಬಿಟ್ಟಿರಲಿಲ್ಲ, ಅವಳ ಕೈಬರಹ ನೋಡಿಕೊಂಡೇ ಗೀರಿದ್ದರು. ಉನೈಸಿ ಒಂದರ ಮೇಲೆ ಅಂಗೈ ಇಟ್ಟಳು. ಸರಿಯಾಗಿತ್ತು. ಇನ್ನೊಂದರ ಮೇಲಿಟ್ಟಳು. ಅದೂ ಸರಿಯಾಗಿತ್ತು. ನೀರಿನಲ್ಲಿ ಮುಖ ಮುಳುಗಿಸಿಕೊಂಡೇ ಅವಳು ಅತ್ತಳು.

ಎರಡು ದಿನ ಬಿಟ್ಟು ಡಾಕ್ಟರ್ ಮಿಲಿಕಾ ಬಂದರು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಬಂದವರು ಕಾಣಿಕೆಯಾಗಿ ಕೊಡುವ ಯಂಗೋನದ ಬೇರಿನ ಕಟ್ಟು ಹಿರಿಯರ ಮುಂದಿಟ್ಟು, ಆ ಬೇರಿನ ರಸ ತುಂಬಿ ಕೊಟ್ಟ ತೆಂಗಿನ ಚಿಪ್ಪನ್ನು ಗಟಗಟ ಬರಿದು ಮಾಡಿ, ಸುಲು ಎತ್ತಿ ಕಟ್ಟಿ ಸೀದಾ ನೀರಿಗಿಳಿದರು. ಊರೆಲ್ಲ ದಡದಲ್ಲಿ ಹೂಮಾಲೆ ಹಿಡಿದು ನಿಂತಿತ್ತು. ಸೆಮೆಸಾನನ್ನು ನಾಲ್ಕು ಜನ ಚಾಪೆ ಸಮೇತ ಎತ್ತಿ ತಂದು ಮರದಡಿ ಇಟ್ಟಿದ್ದರು. ಉನೈಸಿ ಹಾದುಹೋಗುವಾಗ ಅವನು ಕಣ್ಣು ಮಿಟುಕಿಸಿದ.

ಡಾಕ್ಟರು ಮುಖಗನ್ನಡಿ ಹಾಕಿ ಮುಳುಗಿ ಸಾಲಿನ ಉದ್ದಕ್ಕೂ ನೋಡಿಕೊಂಡು ಬಂದು ಎದ್ದರು. "ಚೆನ್ನಾಗಿ ಬಂದಿದೆ ಕಣಮ್ಮಾ! ಕೇಂದ್ರದಲ್ಲಿ ನಾವು ಸಾಕಿದ್ದಕ್ಕಿಂತ ಚೆನ್ನಾಗಿದೆ. ಎಲ್ಲಿ, ಒಂದು ಅಳೆದು ತೋರಿಸು."

ಉನೈಸಿ ಕ್ಯಾಲಿಪರ್ ಹಿಡಿದು ಬಗ್ಗಿದಳು. ಇಷ್ಟೇ ಇದ್ದದ್ದು. ಒಂದು ಅಂಕಿ ಬಾಯಲ್ಲಿ ಹೇಳಿಬಿಟ್ಟರೆ ಆಯಿತು. ಯಾರಿಗೂ ತಿಳಿಯುವುದಿಲ್ಲ. ಒಬ್ಬ ಮನುಷ್ಯ ತನ್ನ ಎರಡು ಕಾಲು ಕೊಟ್ಟು ತಂದ ಅಂಕಿ ಅದು. ಅದನ್ನು ಬೇಡ ಎನ್ನುವುದಕ್ಕೆ ಇವಳು ಯಾರು? ಅವಳ ಕೈ ಚಿಪ್ಪಿನ ತನಕ ಹೋಯಿತು. ಮುಟ್ಟಲು ಆಗಲಿಲ್ಲ. ಇವು ಎಲ್ಲಿ ಹುಟ್ಟಿದವೋ, ಎಷ್ಟು ವರ್ಷದವೋ, ಯಾವ ಕತ್ತಲಲ್ಲಿ ಬೆಳೆದವೋ! ಈ ಸಾಲಿನಿಂದ ಒಂದು ಸುಳ್ಳು ಅಂಕಿ ಎತ್ತಿದರೆ ನಾಳೆ ಯಾವುದೋ ಊರಿನವರು ಅದನ್ನು ನಂಬಿ ಮರಿ ಬಿತ್ತುತ್ತಾರೆ. ಅವಳು ನೆಟ್ಟಗೆ ನಿಂತಳು.

"ಇವು ನನ್ನವಲ್ಲ ಮೇಡಂ. ನನ್ನವನ್ನ ನಾವೇ ತಿಂದ್ವಿ."

ಒಂದೊಂದಾಗಿ ಎಲ್ಲ ಹೇಳಿದಳು. ಡಾಕ್ಟರು ಮುಖಗನ್ನಡಿ ಹಣೆಗೇರಿಸಿಕೊಂಡು ಕೇಳಿದರು. ನಡುವೆ ಒಮ್ಮೆ ತಿರುಗಿ ಮರದಡಿಯ ಚಾಪೆಯನ್ನು ನೋಡಿದರು. ಕೊನೆಗೆ ಹೇಳಿದರು, "ನೀನು ಹೇಳಿದ್ದು ಒಳ್ಳೇದೇ ಆಯ್ತು. ಆದರೆ ನನ್ನ ಕಷ್ಟ ಏನು ಗೊತ್ತಾ? ಹೀಗೊಂದು ಸಾಲು ಮಾಡಿಟ್ಟ ಊರಲ್ಲಿ ಹಿಂದಿನ ಎರಡು ವರ್ಷದ ಅಳತೆ ನಿಜ ಅಂತ ನಾನು ಹೇಗೆ ನಂಬಲಿ? ತಿಂದಿದ್ದು ಮಾಂಸ ತಾನೆ? ಚಿಪ್ಪೆಲ್ಲಿ?"

ಉನೈಸಿ ದಡದ ಕಡೆ ತಿರುಗಿ ನೋಡಿದಳು.

"ರಾತುವಿನ ಸಮಾಧಿ ಸುತ್ತ ಜೋಡಿಸಿದಾರೆ."

"ಅಂಕಿ ಇದೆಯಾ ಮೇಲೆ?"

"ಇದೆ. ನಾನೇ ಗೀರಿದ್ದು."

"ಅಳೆದಿದ್ದೀಯಾ?"

"ಇಲ್ಲ."

ಡಾಕ್ಟರು ಬೈಯಲಿಲ್ಲ. ಸತ್ತಿದ್ದನ್ನೂ ಅಳೆ ಎಂದು ಗೌಂಡರ್ ಮಾಸ್ಟರು ಹೇಳಿದ್ದು ಆಗ ಉನೈಸಿಗೆ ನೆನಪಾಯಿತು. ಏನಾದರೂ ಉಳಿಯಿತೇ ಎಂದು ಅವರು ಎರಡೆರಡು ಸಲ ಕೇಳಿದ್ದೂ ನೆನಪಾಯಿತು. "ಅನುಮತಿ ಕೇಳು," ಎಂದರು ಡಾಕ್ಟರು, "ಅವನ್ನೇ ನೋಡೋಣ."

ಅನುಮತಿ ಕೇಳುವುದೆಂದರೆ ಬಾಯಿ ಬಿಟ್ಟು ಕೇಳುವಷ್ಟು ಸುಲಭವಲ್ಲ. ಒಡೆಯನ ಸಮಾಧಿಯ ಬೇಲಿ ದಾಟಲು ಕಾವಲಿನ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಹಕ್ಕಿಲ್ಲ. ಹಿರಿಯರ ಸಭೆಯಲ್ಲಿ ಹುಡುಗಿಯರು ಬಾಯಿ ತೆರೆಯುವಂತಿಲ್ಲ. ಅವಳ ಪರವಾಗಿ ಬೇರಿನ ಕಟ್ಟು ಇಟ್ಟು ಮಾತಾಡಬೇಕಾದವನು ಸೋದರಮಾವ. ಸುಮ್ಮನೆ ಕೇಳಿದರೂ ಆಗದು, ಯಾಕೆ ಬೇಕು ಎಂದು ಎಲ್ಲರೆದುರು ಬಿಡಿಸಿ ಹೇಳಬೇಕು.

ಅವಳು ಒದ್ದೆ ಬಟ್ಟೆಯಲ್ಲೇ ಮರದಡಿ ಹೋಗಿ ಅವನ ಎದುರು ಕೂತಳು.

"ಏನಂದ್ರು? ಹಿಡಿಸ್ತಾ?" ಸೆಮೆಸಾ ಪಿಸುಗುಟ್ಟಿದ. "ಅಳತೆ ಸರಿಯಾಗಿದೆ ತಾನೆ? ನಾನು ಒಂದೊಂದನ್ನೂ..."

"ಮೋಮೋ, ನಾನು ಹೇಳ್ಬಿಟ್ಟೆ. ಅವು ನನ್ನವಲ್ಲ ಅಂತ."

"ಯಾಕೇ?"

"ಅವು ಪ್ರಯೋಜನಕ್ಕೆ ಬರಲ್ಲ ಮೋಮೋ. ಮರಿ ಆಗಿದ್ದಾಗಿಂದ ನಾನು ಅಳೆದಿದ್ದೇ ಬೇಕು."

"ಒಂದೂ ಬರಲ್ವಾ?"

"ಒಂದೂ ಬರಲ್ಲ."

ಸೆಮೆಸಾ ತನ್ನ ಕಾಲುಗಳನ್ನು ನೋಡಿದ. ಹೊದಿಕೆಯಡಿ ಅವು ಯಾರೋ ಇಟ್ಟು ಮರೆತ ಸೌದೆಯಂತೆ ಬಿದ್ದಿದ್ದವು. ಉನೈಸಿ ಸಮಾಧಿಯ ವಿಷಯ ಹೇಳಿದಳು. ಹಿರಿಯರ ಹತ್ತಿರ ನೀವೇ ಕೇಳಬೇಕು ಎಂದಳು. ಅವನು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಮುಂಗೈಯಿಂದ ಮೂಗೊರೆಸಿಕೊಂಡು, "ಬೇರಿನ ಕಟ್ಟು ತರಿಸು," ಎಂದ. "ನನ್ನನ್ನ ಎತ್ತಿ ಒಳಗೆ ಕೂರಿಸಕ್ಕೆ ಹೇಳು. ಅಂಗಿ ಬೇರೆ ಹಾಕು, ಇದು ಎಣ್ಣೆ ಎಣ್ಣೆಯಾಗಿದೆ."

ಸಭೆಯಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸೆಮೆಸಾನ ಕಾಲುಗಳನ್ನು ಮಡಚಿ ಹಾಗೆ ಕೂರಿಸಲು ಇಬ್ಬರು ಬೇಕಾದರು. ಅವನು ಬೊಗಸೆಗೈ ತಟ್ಟಿ, ತಲೆ ತಗ್ಗಿಸಿ ಶುರುಮಾಡಿದ.

"ಹಿರಿಯರಲ್ಲಿ ನನ್ನ ತಪ್ಪು ಒಪ್ಕೊಳ್ತೀನಿ. ನಾನು ಆಳದಿಂದ ತಂದ ಚಿಪ್ಪು ನಮ್ಮ ಹುಡುಗಿ ಕೆಲಸಕ್ಕೆ ಬರಲ್ಲ. ನಾನು ಮೀನು ಹಿಡಿಯೋನು, ನನಗೆ ಒಂದು ಚಿಪ್ಪು ಇನ್ನೊಂದರ ಹಾಗೇ ಕಾಣತ್ತೆ. ಅವಳಿಗೆ ಹಾಗಲ್ಲ. ಅವಳು ಪ್ರತಿಯೊಂದನ್ನೂ ಅದು ಮರಿ ಆಗಿದ್ದಾಗಿಂದ ಬಲ್ಲಳು. ಅವಳು ಬಲ್ಲ ಚಿಪ್ಪು ರಾತುವಿನ ಕಾಲ ಹತ್ತಿರ ಇದೆ. ಒಂದು ಸಲ ಮುಟ್ಟಿ ಅಳೆಯೋಕೆ ಬಿಡಿ. ಇದರಿಂದ ಏನಾದ್ರೂ ಕೇಡು ಬರೋದಿದ್ರೆ ನನಗೇ ಬರಲಿ. ನನಗೆ ಇನ್ನು ಬರಕ್ಕೆ ಜಾಸ್ತಿ ಏನೂ ಉಳಿದಿಲ್ಲ."

ಯಾರೋ ಒಬ್ಬರು ನಗಲು ಹೋಗಿ ನಿಲ್ಲಿಸಿದರು. ಮಾತುಗಾರ ಮುದುಕ ಮುಂದೆ ಬಾಗಿ ಬೇರಿನ ಕಟ್ಟಿನ ಮೇಲೆ ಕೈಯಿಟ್ಟ. ಅಂದರೆ ಒಪ್ಪಿಗೆ.

ಬೇಲಿಯ ಒಳಗೆ ಉನೈಸಿ ಮೊಣಕಾಲೂರಿ ಕೂತಳು. ಚಿಪ್ಪುಗಳು ಬಿಸಿಲಿಗೆ ಬೆಳ್ಳಗಾಗಿ ಅಂಚಿನುದ್ದಕ್ಕೂ ಇದ್ದವು, ಒಂದೂ ಒಡೆದಿರಲಿಲ್ಲ. ಅವಳು ಅಳೆದು ಹೇಳಿದಳು, ಡಾಕ್ಟರು ಬರೆದುಕೊಂಡರು. ಹಳೆಯ ಅಳತೆಗೂ ಹೊಸದಕ್ಕೂ ಎಲ್ಲೂ ಎಡವಟ್ಟಿರಲಿಲ್ಲ. ಎರಡು ವರ್ಷದ ಬೆಳವಣಿಗೆ ಮೊದಲಿನಿಂದ ಕೊನೆಯ ದಿನದವರೆಗೂ ಅಲ್ಲಿ ನಿಚ್ಚಳವಾಗಿತ್ತು. ಮುಗಿದ ಮೇಲೆ ಡಾಕ್ಟರು ಪೆನ್ನು ಮುಚ್ಚಿದರು.

"ಇಷ್ಟು ಸಾಕು. ಇಷ್ಟೇ ಬೇಕಾಗಿದ್ದಿದ್ದು. ಫೆಬ್ರವರಿಗೆ ಸುವಾಕ್ಕೆ ಬಂದ್ಬಿಡು, ಜಾಗ ನಿನಗೇ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಇನ್ನೊಂದು ಸಲ ಏನಾದ್ರೂ ಸತ್ತರೆ, ಅವತ್ತೇ ಅಳೆ."

ಬೇಲಿಯ ಹೊರಗೆ ಕೆಲೆರಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಎಣ್ಣೆ ಬಟ್ಟಲು ಹಾಗೇ ಇತ್ತು. ಡಾಕ್ಟರು ಆಚೆ ಹೋಗುವವರೆಗೆ ಕಾದು ಅವಳು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

"ಈ ಚಿಪ್ಪೇ ಸಾಕಾಗ್ತಿತ್ತಾ?"

"ಹೂಂ ನೇಯಿ," ಎಂದಳು ಉನೈಸಿ ಅತ್ತೆಗೆ.

"ಬರೀ ಇದೇ? ಬೇರೇನೂ ಬೇಕಿರ್ಲಿಲ್ವಾ?"

"ಬೇಕಿರ್ಲಿಲ್ಲ ನೇಯಿ."

"ಇವು ಊಟದ ದಿನದಿಂದಾನೂ ಇಲ್ಲೇ ಇದ್ವಲ್ಲೇ," ಎಂದಳು ಕೆಲೆರಾ. "ಬುಬು ನಿನ್ನನ್ನ ನೋಡು ಬಾ ಅಂತ ಕರೆದಿದ್ರಲ್ಲೇ."

ಕೆಲೆರಾ ಉತ್ತರಕ್ಕೆ ಕಾಯಲಿಲ್ಲ. ಗಂಡನನ್ನು ಮಗ್ಗುಲು ಹೊರಳಿಸುವ ಹೊತ್ತಾಯಿತೆಂದು ಹೊರಟುಹೋದಳು.

ಸಂಜೆ ಡಾಕ್ಟರ ದೋಣಿ ಹೋದ ಮೇಲೆ ಉನೈಸಿ ಮಾವನ ಬಳಿ ಬಂದು ಕೂತಳು. ಜಾಗ ಸಿಕ್ಕಿತೆಂದು ಅವನಿಗೆ ಯಾರೋ ಹೇಳಿಯಾಗಿತ್ತು. ಅವನು ಅವಳ ತಲೆ ಹಿಡಿದು ಹತ್ತಿರಕ್ಕೆಳೆದು, ನಮ್ಮ ಪದ್ಧತಿಯಂತೆ ಕೆನ್ನೆಗೆ ಮೂಗು ಒತ್ತಿ ಉಸಿರೆಳೆದುಕೊಂಡ. ಆಮೇಲೆ ತನ್ನ ಅಂಗೈ ಬಿಡಿಸಿ ಹಿಡಿದ. ನಡುಬೆರಳಿನ ಮೇಲಿನ ಗೆರೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದ.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನಿನ್ನವು ಬದುಕಿದ್ದಿದ್ರೆ, ಲೆಕ್ಕ ಹಾಕಿದ್ರೆ, ಈ ಹೊತ್ತಿಗೆ ಇಷ್ಟೇ ಆಗಿರ್ತಿದ್ವಾ?"

"ಅಷ್ಟೇ ಆಗಿರ್ತಿದ್ವು ಮೋಮೋ."

"ಅಂದ್ರೆ ನಾನು ತಂದಿದ್ದು ಅಳತೆಗೆ ಸರಿಯಾಗಿತ್ತು."

"ಸರಿಯಾಗಿತ್ತು. ಒಂದೂ ತಪ್ಪಿರ್ಲಿಲ್ಲ."

ಸೆಮೆಸಾ ಹಿಗ್ಗಿ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ ಕೆಲೆರಾ? ಒಂದೂ ತಪ್ಪಿರ್ಲಿಲ್ವಂತೆ!"

ಕೆಲೆರಾ ತಲೆ ಎತ್ತಲಿಲ್ಲ. ಬಟ್ಟಲಿಗೆ ಬೆರಳದ್ದಿ ಅವನ ಕಾಲು ತೀಡುತ್ತಲೇ ಇದ್ದಳು.